ಬೆಂಗಳೂರಿನ ಏಳಿಗೆ: ವರ್ಷದ ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು?

ಬೆಂಗಳೂರು ಬೆಳೆಯುತ್ತಿದೆಯೆಂಬ ಮಾತನ್ನು ಯಾರೂ ಅಲ್ಲಗಳೆಯಲಾರರು. 1901ರ ಜನಗಣತಿಯ ಕಾಲಕ್ಕೆ ಪೇಟೆ ಮತ್ತು ದಂಡು ಎರಡೂ ಸೇರಿ ಅಲ್ಲಿದ್ದ ಜನಸಂಖ್ಯೆ ಸುಮಾರು 1,59,000. ಅದು 1951ರಲ್ಲಿ ಸುಮಾರು 7,79,000 ಆಯಿತು. 2011ರಲ್ಲಿ ಮಹಾನಗರ ಪಾಲಿಕೆಯ ಎಲ್ಲೆಯೊಳಗೇ 84 ಲಕ್ಷವನ್ನು ಮುಟ್ಟಿತು. ಅಲ್ಲಿಂದೀಚಿನ ಬೆಳವಣಿಗೆಯನ್ನು ತಿಳಿಯಲು ಗಣತಿಯ ಪುಸ್ತಕವನ್ನೇ ತೆರೆಯಬೇಕೆಂದಿಲ್ಲ. ಬೆಳಗಿನ ಹೊತ್ತು ಸಿಲ್ಕ್ ಬೋರ್ಡಿನ ವೃತ್ತದಲ್ಲಿ ಬಸ್ಸಿಗಾಗಿ ನಿಂತವನಿಗೆ ಅದು ತಾನಾಗಿಯೇ ತಿಳಿಯುತ್ತದೆ. ರಾಜ್ಯದ ಮೂಲೆಮೂಲೆಗಳಿಂದ ಪದವಿ ಮುಗಿಸಿದವರು, ಪದವಿಯನ್ನು ಅರ್ಧಕ್ಕೆ ಬಿಟ್ಟವರು, ಶಾಲೆಯ ಮೆಟ್ಟಿಲನ್ನೇ ಹತ್ತದವರು, ಎಲ್ಲರೂ ಕೆಲಸವನ್ನರಸಿ ಹೊರಡುವುದು ಆ ಊರಿಗೇ. ಆದುದರಿಂದ ಆ ನಗರದ ಹಿತಾಹಿತಗಳು ಅಲ್ಲಿನ ನಿವಾಸಿಗಳಿಗೆ ಮಾತ್ರ ಸೇರಿದ ವಿಷಯವಲ್ಲ. ಸರ್ಕಾರಿ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮಂತಹವರಿಗೆ ಅದು ನಾಳೆಯ ಅನ್ನದ ಪ್ರಶ್ನೆಯೂ ಆಗಿದೆ.

ಇಂತಹ ನಗರವು ವರ್ಷಕ್ಕೊಮ್ಮೆ ತನ್ನ ಏಳಿಗೆಯನ್ನು ಲೋಕಕ್ಕೆ ಸಾರುವುದು ಸಹಜವೇ. ಆಯವ್ಯಯ ಮಂಡನೆಯಾದಾಗ, ಹೊಸ ಸೇತುವೆಯೊ ಹೊಸ ರೈಲುಮಾರ್ಗವೊ ಉದ್ಘಾಟನೆಯಾದಾಗ, ಪತ್ರಿಕೆಗಳ ತುಂಬ ಅಂಕಿಗಳು ಬರುತ್ತವೆ: ಇಷ್ಟು ಕೋಟಿ ರೂಪಾಯಿ, ಇಷ್ಟು ಕಿಲೋಮೀಟರು, ಇಷ್ಟು ಸಾವಿರ ಉದ್ಯೋಗ, ಇಷ್ಟು ಕ್ಯಾಮೆರಾ. ಈ ಅಂಕಿಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ನನ್ನ ಆಕ್ಷೇಪಣೆ ಎರಡೇ. ಮೊದಲನೆಯದು, ಉದ್ಯೋಗ, ಸುರಕ್ಷತೆ, ಸೌಕರ್ಯ ಎಂಬ ಮೂರನ್ನು ಮೂರು ಬೇರೆ ಬೇರೆ ಖಾತೆಗಳಲ್ಲಿ ಬರೆಯುವುದರಿಂದ ಮನುಷ್ಯನ ಬಾಳು ಆ ಲೆಕ್ಕದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಎರಡನೆಯದು, ಈ ಲೆಕ್ಕವನ್ನು ಕೇಳಿ, ಹಿಂದಿರುಗಿ ಪ್ರಶ್ನೆ ಹಾಕುವ ಅಧಿಕಾರವುಳ್ಳ ಸಭೆಯೊಂದು ಆ ನಗರಕ್ಕೆ ವರ್ಷಗಟ್ಟಲೆ ಇಲ್ಲವಾಗಿತ್ತು. ಒಪ್ಪಿಸಿಕೊಳ್ಳುವವರಿಲ್ಲದ ಲೆಕ್ಕವನ್ನು ಲೆಕ್ಕವೆನ್ನುವುದು ಹೇಗೆ?

ಮೊದಲು ಮೂರೂ ಒಂದೇ ಎಂಬ ಮಾತನ್ನು ವಿಚಾರಿಸೋಣ. ಹೊಸೂರು ರಸ್ತೆಯ ಆಚೀಚೆಗೊ ಪೀಣ್ಯದ ಕಡೆಗೊ ಗಾರ್ಮೆಂಟ್ಸಿನಲ್ಲಿ ಹೊಲಿಗೆಯ ಕೆಲಸ ಮಾಡುವ ಹೆಣ್ಣುಮಗಳೊಬ್ಬಳನ್ನು ನೆನೆದುಕೊಳ್ಳಿ. ಆಕೆಗೆ ಕೆಲಸವಿದೆಯೆಂದು ಉದ್ಯೋಗದ ಖಾತೆಯಲ್ಲಿ ಒಂದು ಅಂಕಿ ಏರುತ್ತದೆ. ಆದರೆ ಕಾರ್ಖಾನೆಯ ಗಂಟೆ ಹೊಡೆಯುವ ಮುನ್ನ ಆಕೆ ನೀರು ಹಿಡಿದಿರಬೇಕು. ನಲ್ಲಿಯಲ್ಲಿ ನೀರು ಬರುವ ದಿನ, ಬರುವ ಹೊತ್ತು ಗೊತ್ತಿಲ್ಲದಿದ್ದರೆ ಒಂದು ದಿನದ ಕೂಲಿ ಹೋಯಿತು. ಸಂಜೆ ಬಸ್ಸು ತಡವಾಗಿ ಬಂದರೆ ಇಳಿಯುವ ತಂಗುದಾಣದಲ್ಲಿ ಕತ್ತಲಾಗಿರುತ್ತದೆ. ಅಲ್ಲಿಂದ ಮನೆಯವರೆಗಿನ ಬೀದಿಯ ದೀಪ ಕೆಟ್ಟಿದ್ದರೆ, ‘ನಾಳೆಯಿಂದ ಕೆಲಸಕ್ಕೆ ಹೋಗಬೇಡ’ ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ. ಹೀಗೆ ಒಂದು ನಲ್ಲಿ, ಒಂದು ಬಸ್ಸು, ಒಂದು ಬೀದಿದೀಪ ಸೇರಿ ಆಕೆಯ ಉದ್ಯೋಗವನ್ನು ಉಳಿಸಲೂಬಲ್ಲವು, ಕಳೆಯಲೂಬಲ್ಲವು. ಆದರೆ ನಗರದ ವಾರ್ಷಿಕ ವರದಿಯಲ್ಲಿ ನಲ್ಲಿ ಒಂದು ಮಂಡಳಿಗೆ, ಬಸ್ಸು ಒಂದು ನಿಗಮಕ್ಕೆ, ದೀಪ ಪಾಲಿಕೆಗೆ, ಕಾರ್ಖಾನೆ ಬೇರೊಂದು ಇಲಾಖೆಗೆ ಸೇರಿರುತ್ತವೆ. ಆಕೆ ಮಾತ್ರ ಯಾರ ಪುಟಕ್ಕೂ ಸೇರುವುದಿಲ್ಲ.

ಹಿಂದಿನವರಿಗೆ ಈ ಸಂಬಂಧ ತಿಳಿದಿರಲಿಲ್ಲವೆಂದಲ್ಲ. ಬಹುಮಟ್ಟಿಗೆ ವಿಪತ್ತೇ ಅದನ್ನು ಅವರಿಗೆ ಕಲಿಸಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯ ಬೀದಿಗಳಲ್ಲಿ ಗಾಳಿ ಬೆಳಕಿಲ್ಲದೆ, ಚರಂಡಿಯಿಲ್ಲದೆ ಬದುಕುತ್ತಿದ್ದವರು ಸಾವಿರಾರು ಸಂಖ್ಯೆಯಲ್ಲಿ ಊರನ್ನು ಬಿಟ್ಟು ಓಡಿದರು. ವ್ಯಾಪಾರ ನಿಂತಿತು, ಕಸುಬು ನಿಂತಿತು. ಮಲ್ಲೇಶ್ವರ, ಬಸವನಗುಡಿಗಳೆಂಬ ಬಡಾವಣೆಗಳು ಅಗಲವಾದ ರಸ್ತೆ, ಚರಂಡಿ, ತೆರಪಾದ ಸ್ಥಳಗಳೊಡನೆ ಬೇಗಬೇಗ ಎದ್ದುದು ಆ ಭಯದಿಂದಲೇ. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಾಗಿಲು ತೆರೆಯಿತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದು ಬೆಂಗಳೂರಿನ ಬೀದಿದೀಪಗಳು ಉರಿದುವು. ಹೆಸರಘಟ್ಟದ ನೀರು ಸಾಲದೆ ಹೋದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ, ಅದೂ ಸಾಲದೆ ಹೋದಾಗ 1974ರಲ್ಲಿ ಕಾವೇರಿಯೂ ಬಂದುವು. ಈ ಚರಿತ್ರೆಯಲ್ಲಿ ಒಂದು ಪಾಠವಿದೆ: ಸೌಕರ್ಯವು ಸಂಪತ್ತು ಬಂದ ಮೇಲೆ ಮಾಡಿಕೊಳ್ಳುವ ಅಲಂಕಾರವಲ್ಲ. ಅದನ್ನು ಮುಂದಕ್ಕೆ ಹಾಕಿದ ನಗರವು ಸಂಪತ್ತನ್ನೂ ಜೀವವನ್ನೂ ಒಟ್ಟಿಗೆ ಕಳೆದುಕೊಂಡಿತು.

ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳಲ್ಲಿ ಈ ಪಾಠವನ್ನು ಕೆಲಮಟ್ಟಿಗೆ ಆಚರಣೆಗೆ ತಂದ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಯಂತ್ರೋಪಕರಣಗಳ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬೆಂಗಳೂರಿನಲ್ಲಿ ಸ್ಥಾಪಿತವಾದುವು. ಅವುಗಳ ಸುತ್ತ ಕಾರ್ಮಿಕರ ವಸತಿಗಳು, ಶಾಲೆಗಳು, ಆಸ್ಪತ್ರೆಗಳು, ಆಟದ ಮೈದಾನಗಳು ಬೆಳೆದುವು. ಕಾರ್ಖಾನೆಯ ಬಸ್ಸೇ ಮನೆಯ ಹತ್ತಿರ ಬಂದು ಕೆಲಸಗಾರನನ್ನು ಕರೆದೊಯ್ಯುತ್ತಿತ್ತು. ದೂರವಾಣಿನಗರ, ಜಾಲಹಳ್ಳಿಗಳ ಹೆಸರು ಕೇಳಿದರೆ ಹಳೆಯ ತಲೆಮಾರಿನವರಿಗೆ ಇಂದಿಗೂ ಒಂದು ನೆಮ್ಮದಿಯ ಚಿತ್ರ ಮನಸ್ಸಿಗೆ ಬರುವುದಕ್ಕೆ ಇದೇ ಕಾರಣ. ಆದರೆ ಆ ಕಾಲವನ್ನು ಹೊಗಳುತ್ತಲೇ ಕೂರುವುದೂ ನ್ಯಾಯವಲ್ಲ. ಆ ಸೌಕರ್ಯಗಳು ಖಾಯಂ ನೌಕರರಿಗೆ ಸಂದವು. ಅದೇ ಕಾರ್ಖಾನೆಯ ಗೋಡೆ ಕಟ್ಟಿದ ಕೂಲಿಗೆ, ನೌಕರನ ಮನೆಯಲ್ಲಿ ಪಾತ್ರೆ ತೊಳೆದ ಹೆಂಗಸಿಗೆ ಅವು ದೊರೆಯಲಿಲ್ಲ. ಮೇಲಾಗಿ ಕಾರ್ಖಾನೆಯನ್ನೇ ನಂಬಿದ ಸೌಕರ್ಯ ಕಾರ್ಖಾನೆಯೊಡನೆಯೇ ಮುಗಿಯುತ್ತದೆ. ಎಚ್.ಎಂ.ಟಿ.ಯ ಗಡಿಯಾರ ತಯಾರಿಕೆಯನ್ನು ನಿಲ್ಲಿಸುವ ತೀರ್ಮಾನ 2016ರಲ್ಲಿ ಹೊರಬಿದ್ದಾಗ ಇದು ಎಲ್ಲರಿಗೂ ಮನದಟ್ಟಾಯಿತು.

ಆಮೇಲೆ ಉದ್ಯೋಗದ ಸ್ವರೂಪವೇ ಬದಲಾಯಿತು. 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಹುಟ್ಟಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬಂತು. ಮುಂದಿನ ಮೂವತ್ತು ವರ್ಷಗಳಲ್ಲಿ ಸಾಫ್ಟ್‌ವೇರಿನ ಹೆಸರಿನಲ್ಲಿ ಬೆಂಗಳೂರು ಜಗತ್ತಿಗೇ ಪರಿಚಿತವಾಯಿತು. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಕಂಪೆನಿಯು ಆವರಣದೊಳಗೆ ಹುಲ್ಲು ಬೆಳೆಸಿತೇ ಹೊರತು ಆವರಣದ ಹೊರಗಿನ ಊರನ್ನು ಕಟ್ಟುವ ಹೊಣೆ ಅದರದಾಗಿರಲಿಲ್ಲ. ಆ ಹೊಣೆ ನಗರದ್ದು. ನಗರವು ಅದನ್ನು ಹೊತ್ತಿತೆ? ಸಾಫ್ಟ್‌ವೇರಿನ ಒಂದೊಂದು ಕುರ್ಚಿಯ ಹಿಂದೆ ಕಾವಲುಗಾರ, ಅಡಿಗೆಯವನು, ಕಸ ಗುಡಿಸುವವಳು, ಕಾರು ಓಡಿಸುವವನು, ಊಟದ ಪೊಟ್ಟಣ ತರುವ ಹುಡುಗ ಹೀಗೆ ಹಲವರಿದ್ದಾರೆ. ಇವರೂ ಉದ್ಯೋಗಸ್ಥರೇ. ಇವರ ಉದ್ಯೋಗಕ್ಕೆ ರಜೆ ಉಂಟೆ, ಭವಿಷ್ಯನಿಧಿ ಉಂಟೆ, ಅಪಘಾತವಾದರೆ ಆಧಾರ ಉಂಟೆ ಎಂಬುದನ್ನು ಕೇಳದೆ ತಲೆಗಳನ್ನು ಮಾತ್ರ ಎಣಿಸುವುದು ಅರ್ಧ ಲೆಕ್ಕ.

ಈ ಪ್ರಶ್ನೆಯನ್ನು ಕೆಲಸಗಾರರೇ ಎತ್ತಿದ ಸಂದರ್ಭವೂ ಉಂಟು. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರು, ಅವರಲ್ಲಿ ಬಹುಪಾಲು ಹೆಂಗಸರು, ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ಹಿಂದಕ್ಕೆ ಪಡೆಯುವಂತಿಲ್ಲವೆಂಬ ಹೊಸ ನಿಯಮ ಅವರನ್ನು ಕೆಣಕಿತ್ತು. ಮಗಳ ಮದುವೆ, ಮಗನ ಫೀಸು, ಗಂಡನ ಚಿಕಿತ್ಸೆ ಇವಕ್ಕೆಲ್ಲ ಅದೇ ಹಣ. ಕೇಂದ್ರ ಸರ್ಕಾರವು ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಚಳವಳಿಯ ಎರಡು ದಿನಗಳಲ್ಲಿ ಕಲ್ಲು ತೂರಾಟವೂ ಲಾಠಿ ಪ್ರಹಾರವೂ ನಡೆದುದು ವಿಷಾದದ ಸಂಗತಿ. ಆದರೆ ಆ ಹೆಂಗಸರು ಲೋಕಕ್ಕೆ ತಿಳಿಸಿದ ಸತ್ಯ ಚಿಕ್ಕದಲ್ಲ: ಕೆಲಸ ಸಿಕ್ಕಿದರಷ್ಟೇ ಸಾಲದು, ಆ ಕೆಲಸದಲ್ಲಿ ನಾಳೆಯ ಭರವಸೆಯೂ ಇರಬೇಕು. ಅನಂತರದ ವರ್ಷಗಳಲ್ಲಿ ಈ ದಿಕ್ಕಿನಲ್ಲಿ ಕೆಲವು ಒಳ್ಳೆಯ ಹೆಜ್ಜೆಗಳು ಕಂಡುಬಂದಿವೆ. ಗುತ್ತಿಗೆಯ ಕೆಳಗೆ ವರ್ಷಾನುಗಟ್ಟಲೆ ದುಡಿದ ಪಾಲಿಕೆಯ ಪೌರಕಾರ್ಮಿಕರಲ್ಲಿ ಹನ್ನೆರಡು ಸಾವಿರಕ್ಕೂ ಮಿಕ್ಕವರಿಗೆ 2025ರ ಮೇ 1ರಂದು ಖಾಯಂ ನೇಮಕದ ಪತ್ರಗಳು ದೊರೆತುವು. ಮೊಬೈಲ್ ಆ್ಯಪುಗಳ ಮೂಲಕ ದುಡಿಯುವವರ ಸಾಮಾಜಿಕ ಭದ್ರತೆಗಾಗಿ ರಾಜ್ಯ ಶಾಸನಸಭೆ 2025ರಲ್ಲಿ ಒಂದು ಕಾಯಿದೆಯನ್ನೂ ಮಾಡಿತು. ಇವನ್ನು ನಾನು ನಿಜವಾದ ಪ್ರಗತಿಯೆಂದು ಕರೆಯುತ್ತೇನೆ. ಹೊಸ ಕೆಲಸ ಹುಟ್ಟದಿದ್ದರೂ ಇದ್ದ ಕೆಲಸಕ್ಕೆ ಗೌರವ ಬಂತು.

ಇನ್ನು ಸುರಕ್ಷತೆಯ ಮಾತು. ಸುರಕ್ಷತೆಯೆಂದೊಡನೆ ನಮಗೆ ಕಳ್ಳಕಾಕರು, ಪೊಲೀಸು, ಕ್ಯಾಮೆರಾ ನೆನಪಾಗುತ್ತವೆ. ಅವು ಬೇಕು, ಸಂದೇಹವಿಲ್ಲ. 2005ರ ಡಿಸೆಂಬರಿನಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಕರೆದೊಯ್ಯಲು ಬಂದ ವಾಹನವೆಂದು ನಂಬಿ ಹತ್ತಿದ ಹೆಣ್ಣುಮಗಳೊಬ್ಬಳು ಕೊಲೆಯಾದಾಗ ಇಡೀ ನಗರ ನಡುಗಿತು. ಕೆಲಸ ಮತ್ತು ಮನೆಯ ನಡುವಿನ ದಾರಿಯೂ ಉದ್ಯೋಗದ ಒಂದು ಭಾಗವೆಂಬುದು ಆಗ ಎಲ್ಲರಿಗೂ ಹೊಳೆಯಿತು. ಆದರೆ ನಗರದಲ್ಲಿ ಜನ ಸಾಯುವುದು ದುಷ್ಟರಿಂದ ಮಾತ್ರವೇ ಅಲ್ಲ. 2023ನೆಯ ಒಂದೇ ವರ್ಷದಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಒಂಬೈನೂರಕ್ಕೂ ಮಿಕ್ಕಿ ಜನ ಸತ್ತರು. ಇಂತಹ ಸಾವುಗಳಲ್ಲಿ ಬಹುಪಾಲು ದ್ವಿಚಕ್ರ ವಾಹನದವರದು ಮತ್ತು ಕಾಲುನಡಿಗೆಯವರದು. ಕಾಲುದಾರಿಯಿಲ್ಲದ ರಸ್ತೆಯನ್ನು ಅಗಲ ಮಾಡಿದರೆ ವರದಿಯಲ್ಲಿ ಅದು ಪ್ರಗತಿ. ಅದನ್ನು ದಾಟಬೇಕಾದ ಮುದುಕಿಗೆ ಅದು ಹೊಸದೊಂದು ಹೊಳೆ.

2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿತ್ತು. ಒಂಬತ್ತು ಮಂದಿ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು. ಅದು ಕೆಲಸದ ದಿನ. ಒಳಗಿದ್ದವರು ಕೆಲಸಕ್ಕೆ ಬಂದವರು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವಕ್ಕೆ ನೆರೆದ ಜನಜಂಗುಳಿಯಲ್ಲಿ ಕಾಲ್ತುಳಿತವಾಗಿ ಹನ್ನೊಂದು ಮಂದಿ ಪ್ರಾಣ ಬಿಟ್ಟರು. ಅವರೆಲ್ಲ ಎಳೆಯ ವಯಸ್ಸಿನವರು, ನಮ್ಮ ನಿಮ್ಮಂತಹವರು. ಎರಡು ದುರಂತಗಳ ಸ್ವರೂಪ ಬೇರೆ. ಎರಡರಲ್ಲಿಯೂ ಸಮಾನವಾದುದು ಒಂದೇ: ಜನ ಒಳಗೆ ಬರುವ ಬಾಗಿಲನ್ನು ಯೋಚಿಸಿದವರು, ಹೊರಗೆ ಹೋಗುವ ಬಾಗಿಲನ್ನು ಅಷ್ಟೇ ಶ್ರದ್ಧೆಯಿಂದ ಯೋಚಿಸಲಿಲ್ಲ. ಹಾಕಿದ ಕ್ಯಾಮೆರಾಗಳ ಸಂಖ್ಯೆಯನ್ನು ಪ್ರಕಟಿಸುವ ನಗರವು, ಈ ವರ್ಷ ಎಷ್ಟು ಕಟ್ಟಡಗಳ ಹೊರಬಾಗಿಲನ್ನು ಪರೀಕ್ಷಿಸಿದೆವು, ಎಷ್ಟರಲ್ಲಿ ದೋಷ ಕಂಡೆವು, ಎಷ್ಟನ್ನು ತಿದ್ದಿಸಿದೆವು ಎಂಬುದನ್ನೂ ಬೀದಿಬೀದಿಯಾಗಿ ಪ್ರಕಟಿಸಬೇಕಲ್ಲವೆ?

ಸೌಕರ್ಯದ ಖಾತೆಗೆ ಬಂದರೆ ನೀರಿನ ಕಥೆಯೊಂದೇ ಸಾಕು. 2007ರಲ್ಲಿ ಹಳೆಯ ಪಾಲಿಕೆಗೆ ಏಳು ನಗರಸಭೆಗಳು, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದರು. ಹಳ್ಳಿಗಳು ನಕಾಶೆಯಲ್ಲಿ ನಗರವಾದುವು. ಅಲ್ಲಿ ಮನೆಗಳೆದ್ದುವು, ಕಚೇರಿಗಳೆದ್ದುವು, ಆಸ್ತಿ ತೆರಿಗೆ ಬರತೊಡಗಿತು. ಆದರೆ ಆ 110 ಹಳ್ಳಿಗಳಿಗೆಂದು ಉದ್ದೇಶಿಸಿದ ಕಾವೇರಿ ಐದನೆಯ ಹಂತದ ಉದ್ಘಾಟನೆಯಾದುದು 2024ರ ಅಕ್ಟೋಬರ್ 16ರಂದು. ದಿನವೊಂದಕ್ಕೆ 77.5 ಕೋಟಿ ಲೀಟರ್ ನೀರನ್ನು ಸುಮಾರು ನೂರು ಕಿಲೋಮೀಟರು ದೂರದಿಂದ ಎತ್ತಿ ತರುವ ಈ ಯೋಜನೆ ಮಹತ್ತರವಾದುದು. ಅದಕ್ಕಾಗಿ ದುಡಿದವರಿಗೆ ಕೃತಜ್ಞತೆ ಸಲ್ಲಬೇಕು. ಆದರೂ ಹದಿನೇಳು ವರ್ಷ! 2007ರಲ್ಲಿ ಹುಟ್ಟಿದ ಮಗು ಕಾಲೇಜಿನ ಬಾಗಿಲಿಗೆ ಬಂದಿತ್ತು. ಅಷ್ಟು ಕಾಲವೂ ಆ ಭಾಗದ ಬಹುಮಂದಿ ಕೊಳವೆ ಬಾವಿಯನ್ನೂ ಟ್ಯಾಂಕರನ್ನೂ ನಂಬಿಕೊಂಡಿದ್ದರು. 2024ರ ಬೇಸಿಗೆಯಲ್ಲಿ ನಗರದ ಸರ್ಕಾರಿ ಕೊಳವೆ ಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂಬ ಆಜ್ಞೆ ಹೊರಡಬೇಕಾಯಿತು. ಕಾರಿಲ್ಲದವರ ಬಿಂದಿಗೆ ಆಗ ಎಷ್ಟು ಹೊತ್ತು ಸರದಿಯಲ್ಲಿ ನಿಂತಿತ್ತೆಂಬುದಕ್ಕೆ ಯಾವ ವರದಿಯಲ್ಲಿಯೂ ಅಂಕಿಯಿಲ್ಲ. ಧರ್ಮಾಂಬುಧಿ ಕೆರೆಯ ಮೇಲೆ ಕೆಂಪೇಗೌಡ ಬಸ್ ನಿಲ್ದಾಣವನ್ನೂ ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣವನ್ನೂ ಕಟ್ಟಿದ ನಗರಕ್ಕೆ, ಒಂದು ಸೌಕರ್ಯವನ್ನು ಪಡೆಯಲು ಇನ್ನೊಂದನ್ನು ಮುಚ್ಚಿದರೆ ಅದನ್ನು ಖರ್ಚಿನ ಪುಟದಲ್ಲಿ ಬರೆಯಬೇಕೆಂಬ ಅಭ್ಯಾಸವೂ ಇಲ್ಲವಾಗಿದೆ.

ಇನ್ನೊಂದು ನಿದರ್ಶನ ಮೆಟ್ರೊ ರೈಲಿನದು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಮೊದಲ ರೈಲು ಓಡಿತು. ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಉದ್ದ ಸುಮಾರು 19 ಕಿಲೋಮೀಟರು, ನಿಲ್ದಾಣಗಳು ಹದಿನಾರು. ಆದರೆ ಆರಂಭದಲ್ಲಿ ಓಡಿಸಲು ಇದ್ದುದು ಮೂರೇ ರೈಲುಗಳು. ಆದ್ದರಿಂದ ಇಪ್ಪತ್ತೈದು ನಿಮಿಷಕ್ಕೊಮ್ಮೆ ಒಂದು ರೈಲು. ಮುಂದೆ ರೈಲುಗಳು ಹೆಚ್ಚಿ, ಕಾಯುವ ಹೊತ್ತು ಕಡಮೆಯಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತ್ತು. ಉದ್ಘಾಟನೆಯ ದಿನದ ವರದಿಯಲ್ಲಿ ಕಿಲೋಮೀಟರುಗಳು ದಪ್ಪಕ್ಷರದಲ್ಲಿರುತ್ತವೆ. ಕಾಯುವ ನಿಮಿಷಗಳೂ ಕೊಡುವ ರೂಪಾಯಿಗಳೂ ಸಣ್ಣಕ್ಷರಕ್ಕೆ ಸೇರುತ್ತವೆ. ದಿನಗೂಲಿಯವನಿಗೆ ದಪ್ಪಕ್ಷರಕ್ಕಿಂತ ಸಣ್ಣಕ್ಷರವೇ ಮುಖ್ಯ. ಇದಕ್ಕೆ ಹೋಲಿಸಿದರೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ, ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣವನ್ನು ಕೊಟ್ಟು, ಕಲ್ಲು ಸಿಮೆಂಟಿಲ್ಲದೆಯೇ ಅನೇಕರಿಗೆ ದೂರದ ಕೆಲಸವನ್ನು ಹತ್ತಿರಕ್ಕೆ ತಂದಿತು. ಬಸ್ಸು ಸಾಕಷ್ಟಿಲ್ಲದಿದ್ದರೆ ಆ ಉಚಿತವೂ ನೂಕುನುಗ್ಗಲಾಗುತ್ತದೆಂಬುದು ಬೇರೆ ಮಾತು.

ಇಷ್ಟು ಹೇಳಿದ ಮೇಲೆ ಎದುರು ವಾದವನ್ನೂ ಕೇಳಬೇಕು. “ನಗರ ಇಷ್ಟು ವೇಗವಾಗಿ ಬೆಳೆಯುವಾಗ ಯಾರು ತಾನೇ ಎಲ್ಲವನ್ನೂ ಒಟ್ಟಿಗೆ ಮಾಡಬಲ್ಲರು? ಮೊದಲು ಉದ್ಯೋಗ ಬರಲಿ, ತೆರಿಗೆ ಬರಲಿ, ಸೌಕರ್ಯಗಳು ಹಿಂದಿನಿಂದ ಬರುತ್ತವೆ” ಎಂದು ಕೆಲವರು ಹೇಳುತ್ತಾರೆ. ಹಣವಿಲ್ಲದ ಊರಿಗೆ ಈ ಮಾತು ಒಪ್ಪಬಹುದು. ಆದರೆ ಬೆಂಗಳೂರಿನ ಪಾಲಿಕೆ 2025-26ನೆಯ ಸಾಲಿಗೆ ಮಂಡಿಸಿದ ಆಯವ್ಯಯ ಸುಮಾರು 19,900 ಕೋಟಿ ರೂಪಾಯಿಗಳದು. ಹಣವೇ ಇಲ್ಲವೆಂದು ಹೇಳುವಂತಿಲ್ಲ. ಯಾವುದಕ್ಕೆ ಮೊದಲು ಎಂಬುದೇ ಪ್ರಶ್ನೆ. ಇನ್ನು ಕೆಲವರು, “ಹೊರಗಿನಿಂದ ಬರುವವರೇ ಹೆಚ್ಚಾದರು, ಅದಕ್ಕೇ ಹೀಗಾಯಿತು” ಎನ್ನುತ್ತಾರೆ. ಈ ವಾದವನ್ನು ನಾನು ಒಪ್ಪಲಾರೆ. ನಗರದ ಗೋಡೆ ಕಟ್ಟಿದವರು, ಬಟ್ಟೆ ಹೊಲಿದವರು, ಲೆಕ್ಕ ಬರೆದವರು ಎಲ್ಲ ಕಾಲದಲ್ಲಿಯೂ ಹೊರಗಿನಿಂದಲೇ ಬಂದಿದ್ದಾರೆ. ಕಲಬುರಗಿಯಿಂದ ಬಂದವನು ಹೊರಗಿನವನಾದರೆ, ನಾಳೆ ನಾವೂ ಅಲ್ಲಿ ಹೊರಗಿನವರೇ.

ಹಾಗಾದರೆ ಯಾವುದಕ್ಕೆ ಮೊದಲು ಎಂಬುದನ್ನು ಯಾರು ತೀರ್ಮಾನಿಸಬೇಕು? ಇಲ್ಲಿಯೇ ನನ್ನ ಎರಡನೆಯ ಆಕ್ಷೇಪಣೆ ಬರುತ್ತದೆ. 1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಅಂದು ಸದಸ್ಯರು 144 ಮಂದಿ. ಆ ಸಭೆಗೆ ಆಗ ಕಾಯಿದೆ ಮಾಡುವ ಅಧಿಕಾರವಿರಲಿಲ್ಲ; ಸದಸ್ಯರು ಇಂದಿನ ಅರ್ಥದಲ್ಲಿ ಚುನಾಯಿತರೂ ಆಗಿರಲಿಲ್ಲ. ಆದರೂ ವರ್ಷಕ್ಕೊಮ್ಮೆ, ದಸರೆಯ ಸಮಯಕ್ಕೆ, ಸಂಸ್ಥಾನದ ದಿವಾನರು ನಾಡಿನ ನಾನಾ ಭಾಗಗಳಿಂದ ಬಂದ ರೈತರ, ವರ್ತಕರ ಎದುರಿಗೆ ನಿಂತು, ಕಳೆದ ವರ್ಷ ಏನು ನಡೆಯಿತು, ಎಷ್ಟು ಬಂತು, ಎಷ್ಟು ಹೋಯಿತು ಎಂಬುದನ್ನು ನಿವೇದಿಸುವ ಪದ್ಧತಿ ಬೆಳೆಯಿತು. ಸದಸ್ಯರು ತಮ್ಮ ತಮ್ಮ ಊರಿನ ಕೆರೆ, ರಸ್ತೆ, ಶಾಲೆಗಳ ಕಷ್ಟವನ್ನು ಅಲ್ಲಿ ಹೇಳಿಕೊಳ್ಳುತ್ತಿದ್ದರು. ಅರಸೊತ್ತಿಗೆಯ ಕಾಲದಲ್ಲಿಯೂ ವರ್ಷದ ಲೆಕ್ಕಕ್ಕೆ ಒಬ್ಬ ಕೇಳುವವನಿರಬೇಕೆಂಬ ತತ್ತ್ವವನ್ನು ನಮ್ಮ ನಾಡು ಕಂಡುಕೊಂಡಿತ್ತು.

ಇದಕ್ಕೂ ಇಂದಿನ ಸ್ಥಿತಿಗೂ ಇರುವ ಅಂತರವನ್ನು ನೋಡಿ. 1992ರ ಸಂವಿಧಾನ ತಿದ್ದುಪಡಿಯು ನಗರಾಡಳಿತಕ್ಕೆ ಐದು ವರ್ಷಗಳ ಅವಧಿಯನ್ನೂ ದೊಡ್ಡ ಊರುಗಳಿಗೆ ವಾರ್ಡು ಸಮಿತಿಗಳನ್ನೂ ವಿಧಿಸಿತು. ಆದರೂ 2007ರಲ್ಲಿ ರಚಿತವಾದ ಮಹಾನಗರ ಪಾಲಿಕೆಗೆ ಮೊದಲ ಚುನಾವಣೆ ನಡೆದುದು 2010ರಲ್ಲಿ. 2015ರಲ್ಲಿ ಆಯ್ಕೆಯಾದ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ಐದು ವರ್ಷಕ್ಕೂ ಮಿಕ್ಕಿ ನಗರದಲ್ಲಿ ಚುನಾಯಿತ ಸಭೆಯೇ ಇರಲಿಲ್ಲ. 2021ರಿಂದ 2025ರವರೆಗಿನ ಐದು ಆಯವ್ಯಯಗಳು ವಾರ್ಡಿನ ಪ್ರತಿನಿಧಿಗಳ ಚರ್ಚೆಯಿಲ್ಲದೆಯೇ ಜಾರಿಗೆ ಬಂದುವು. 2025ರಲ್ಲಿ ಹೊಸ ಕಾಯಿದೆಯಂತೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಕೆಳಗೆ ಐದು ನಗರಪಾಲಿಕೆಗಳೂ ಏರ್ಪಟ್ಟುವು. ಒಂದನ್ನು ಐದು ಮಾಡಿದುದು ಸರಿಯೊ ತಪ್ಪೊ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಪಾಲಿಕೆ ಒಂದಿರಲಿ ಐದಿರಲಿ, ನನ್ನ ಬೀದಿಯ ದೀಪ ಏಕೆ ಕೆಟ್ಟಿದೆಯೆಂದು ಕೇಳಿದರೆ ಉತ್ತರ ಕೊಡಲೇಬೇಕಾದ ಮನುಷ್ಯ ಒಬ್ಬನಾದರೂ ಇರಬೇಕು. ಚುನಾಯಿತ ಸಭೆ ಇದ್ದಾಗ ಎಲ್ಲವೂ ನೆಟ್ಟಗಿತ್ತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಬೆಳ್ಳಂದೂರು ಕೆರೆ ನೊರೆಯುಕ್ಕಿ ಬೆಂಕಿ ಹೊತ್ತಿಕೊಂಡುದು ಸಭೆ ಇದ್ದ ವರ್ಷಗಳಲ್ಲಿಯೇ. ಆದರೆ ಆಗ ಬಯ್ಯುವುದಕ್ಕಾದರೂ ಒಬ್ಬ ಸದಸ್ಯನಿದ್ದನು, ಮುಂದಿನ ಚುನಾವಣೆಯಲ್ಲಿ ಅವನನ್ನು ಇಳಿಸುವ ಹಕ್ಕೂ ಜನರಿಗಿತ್ತು.

ಆದುದರಿಂದ ನನ್ನ ಸೂಚನೆ ಇಷ್ಟು. ಚುನಾವಣೆಗಳು ಸಂವಿಧಾನ ಹೇಳಿದ ಕಾಲಕ್ಕೆ ತಪ್ಪದೆ ನಡೆಯಬೇಕು, ಇದು ಮೊದಲನೆಯದು. ವರ್ಷಕ್ಕೊಂದು ಗೊತ್ತಾದ ದಿನ ಪ್ರತಿಯೊಂದು ವಾರ್ಡಿನಲ್ಲಿಯೂ ಬಹಿರಂಗ ಸಭೆ ಸೇರಿ, ಒಂದೇ ಹಾಳೆಯ ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳಬೇಕು. ಹೋದ ವರ್ಷ ಏನು ಮಾಡುತ್ತೇವೆಂದೆವು, ಏನು ಮಾಡಿದೆವು, ಅದಕ್ಕೂ ಹಿಂದೆ ಮಾಡಿದುದು ಈಗಲೂ ನಡೆಯುತ್ತಿದೆಯೆ, ಈ ಮೂರಕ್ಕೆ ಉತ್ತರ ಆ ಹಾಳೆಯಲ್ಲಿರಬೇಕು. ವಾರದಲ್ಲಿ ನೀರು ಎಷ್ಟು ಗಂಟೆ ಬಂತು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಕೆಟ್ಟ ದೀಪ ಎಷ್ಟು ದಿನಕ್ಕೆ ಹೊತ್ತಿಕೊಂಡಿತು, ರಸ್ತೆಯಲ್ಲಿ ಎಷ್ಟು ಜನ ಗಾಯಗೊಂಡರು, ಗ್ರಂಥಾಲಯ ಎಷ್ಟು ಹೊತ್ತು ತೆರೆದಿತ್ತು, ಗುತ್ತಿಗೆ ಕೆಲಸಗಾರರಿಗೆ ಸಂಬಳದ ಚೀಟಿಯೂ ಭವಿಷ್ಯನಿಧಿಯೂ ಸಿಕ್ಕಿತೆ, ಇವುಗಳನ್ನು ಎಣಿಸಲು ದೊಡ್ಡ ತಜ್ಞರು ಬೇಡ. ಗ್ರಂಥಾಲಯದ ಮಾತನ್ನು ಸುಮ್ಮನೆ ಸೇರಿಸಿದೆನೆಂದು ತಿಳಿಯಬಾರದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ಜನ ಕೊಡುತ್ತಲೇ ಬಂದಿದ್ದಾರೆ. ಕೊಟ್ಟ ಹಣದ ಬಾಗಿಲು ತೆರೆದಿದೆಯೆ ಎಂದು ಕೇಳುವುದು ಅವರ ಹಕ್ಕು.

ಈ ಎಣಿಕೆಯ ಕೆಲಸದಲ್ಲಿ ವಿದ್ಯಾರ್ಥಿಗಳಿಗೂ ಪಾಲುಂಟು. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುವ ನಾವು ಪರೀಕ್ಷೆಗಾಗಿ ‘ಸ್ಥಳೀಯ ಸ್ವಯಮಾಡಳಿತ’ದ ಲಕ್ಷಣಗಳನ್ನು ಬಾಯಿಪಾಠ ಮಾಡುತ್ತೇವೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದ ಒಂದು ವಾರವನ್ನು ಕಾಲೇಜಿನ ಸುತ್ತಲಿನ ಬೀದಿಗಳ ಇಂತಹ ಲೆಕ್ಕಕ್ಕೆ ಮೀಸಲಿಟ್ಟರೆ ಪಾಠವೂ ಆಯಿತು, ಸೇವೆಯೂ ಆಯಿತು. ಬೆಂಗಳೂರಿನಲ್ಲಷ್ಟೇ ಅಲ್ಲ, ಅದರ ದಾರಿಯನ್ನೇ ಹಿಡಿಯಲು ತವಕಿಸುತ್ತಿರುವ ನಮ್ಮ ಎಲ್ಲ ಊರುಗಳಲ್ಲಿಯೂ ಇದು ಸಾಧ್ಯ. ಅಧಿಕಾರಿಗಳ ಅಂಕಿಯನ್ನು ಜನರ ಅಂಕಿಯೊಡನೆ ಪಕ್ಕಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಒಮ್ಮೆ ಹುಟ್ಟಿದರೆ, ಉದ್ಘಾಟನೆಯ ಕಲ್ಲನ್ನು ನೆಟ್ಟು ಹೋದವರು ಮುಂದಿನ ವರ್ಷ ಅದೇ ಕಲ್ಲಿನ ಬಳಿಗೆ ಬಂದು ಉತ್ತರ ಹೇಳಬೇಕಾಗುತ್ತದೆ.

ನಗರದ ಹಿರಿಮೆಯನ್ನು ಕುಗ್ಗಿಸುವ ಉದ್ದೇಶ ಈ ಲೇಖನಕ್ಕಿಲ್ಲ. ಅಭಿಮಾನವಿರುವಲ್ಲಿಯೇ ಲೆಕ್ಕ ಕೇಳುವ ಸಲಿಗೆಯೂ ಇರುತ್ತದೆ. ಈ ವರ್ಷ ಪದವಿ ಪಡೆದು ಕೈಚೀಲ ಹಿಡಿದು ಮೆಜೆಸ್ಟಿಕ್ಕಿನಲ್ಲಿ ಇಳಿಯಲಿರುವ ನಮ್ಮ ಸ್ನೇಹಿತರು ಅಲ್ಲಿ ಒಂದು ಕೆಲಸವನ್ನು ಹುಡುಕಿಕೊಳ್ಳುವರೆಂಬುದರಲ್ಲಿ ನನಗೆ ಅನುಮಾನವಿಲ್ಲ. ಅವರು ಆ ಊರಿನ ಮತದಾರರ ಪಟ್ಟಿಯಲ್ಲಿಯೂ ತಮ್ಮ ಹೆಸರನ್ನು ಬರೆಸಲಿ, ತಮ್ಮ ವಾರ್ಡು ಯಾವುದೆಂದು ತಿಳಿಯಲಿ, ವಾರ್ಡಿನ ಸಭೆ ಸೇರಿದ ದಿನ ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ ಹಿಂದಿನ ಬೆಂಚಿನಲ್ಲಾದರೂ ಕುಳಿತು, ಕಳೆದ ವರ್ಷದ ಲೆಕ್ಕವೇನಾಯಿತೆಂದು ಕೇಳಲಿ.